ಸಾಮಾಜಿಕ ಉದ್ಯಮಶೀಲತೆ: ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ ಜಿಲ್ಲೆಯಲ್ಲಿ ಮಹಿಳಾ ಸಂಘಗಳ ಉತ್ಪಾದನೆ ಮತ್ತು ಮಾರಾಟದ ಕೆಲಸದಲ್ಲಿ ಹಲವು ವರ್ಷಗಳಿಂದ ತೊಡಗಿಕೊಂಡಿರುವ ನನಗೆ ತರಬೇತಿ ಶಿಬಿರಗಳಲ್ಲಿ, ಸಂತೆಗಳಲ್ಲಿ, ಬ್ಯಾಂಕಿನ ಬಾಗಿಲಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ, ತಿಳಿದ ಮಟ್ಟಿಗೆ ಉತ್ತರಿಸಿದ್ದೇನೆ.

ಸಾಮಾಜಿಕ ಉದ್ಯಮಶೀಲತೆ ಎಂದರೆ ಏನು?

ಸಮಾಜದ ಒಂದು ನಿರ್ದಿಷ್ಟ ತೊಂದರೆಯನ್ನು ಕಡಿಮೆ ಮಾಡುವುದನ್ನೇ ಮುಖ್ಯ ಗುರಿಯಾಗಿ ಇಟ್ಟುಕೊಂಡು, ಆ ಗುರಿಯನ್ನು ವ್ಯಾಪಾರದ ದಾರಿಯಿಂದ, ಅಂದರೆ ವಸ್ತುವನ್ನೋ ಸೇವೆಯನ್ನೋ ಮಾರಿ ಬಂದ ಆದಾಯದ ಬಲದಿಂದ ಸಾಧಿಸಲು ಹೊರಡುವುದೇ ಸಾಮಾಜಿಕ ಉದ್ಯಮಶೀಲತೆ. ಹೀಗೆ ನಡೆಯುವ ಸಂಸ್ಥೆಯನ್ನು ಸಾಮಾಜಿಕ ಉದ್ಯಮ ಎನ್ನುತ್ತಾರೆ. ಅದು ತನ್ನ ಖರ್ಚನ್ನು ಬಹುಮಟ್ಟಿಗೆ ತಾನೇ ದುಡಿದುಕೊಳ್ಳುತ್ತದೆ. ಉಳಿದ ಹಣದ ದೊಡ್ಡ ಪಾಲನ್ನು ಮತ್ತೆ ಅದೇ ಕೆಲಸಕ್ಕೆ ಹಾಕುತ್ತದೆ.

ಒಂದು ಉದ್ಯಮ ಸಾಮಾಜಿಕವೋ ಅಲ್ಲವೋ ಎಂದು ತಿಳಿಯಲು ನಾನು ಕೇಳುವ ಮೊದಲ ಪ್ರಶ್ನೆ ಇದು: ಯಾರ ಒಳಿತಿನ ಹೆಸರಿನಲ್ಲಿ ಉದ್ಯಮ ನಡೆಯುತ್ತಿದೆಯೋ ಅವರ ಕೈಯಲ್ಲಿ ವರ್ಷದ ಕೊನೆಗೆ ಎಷ್ಟು ಉಳಿಯಿತು? ಸಂಸ್ಥೆಯ ಖಾತೆಯಲ್ಲಿ ಎಷ್ಟಿದೆ ಎಂಬುದು ಆಮೇಲಿನ ಮಾತು.

ಸ್ವಯಂಸೇವಾ ಸಂಸ್ಥೆ, ಸಹಕಾರ ಸಂಘ, ಕಂಪನಿಗಳ ಸಿಎಸ್‌ಆರ್ ಕೆಲಸ, ಇವೆಲ್ಲವೂ ಇದೇ ತಾನೇ?

ಒಂದಕ್ಕೊಂದು ಹತ್ತಿರದವು, ಆದರೆ ಒಂದೇ ಅಲ್ಲ. ಸ್ವಯಂಸೇವಾ ಸಂಸ್ಥೆ ಹೆಚ್ಚಾಗಿ ದೇಣಿಗೆ ಮತ್ತು ಅನುದಾನದ ಮೇಲೆ ನಿಂತಿರುತ್ತದೆ; ಅನುದಾನ ನಿಂತ ವರ್ಷ ಕೆಲಸವೂ ನಿಂತುಹೋಗುವುದನ್ನು ನಮ್ಮ ಭಾಗದಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಎಂಬುದು ಕಾನೂನಿನ ಕಟ್ಟಳೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದು ಲಾಭ ಬಂದ ಮೇಲೆ ಅದರಲ್ಲಿ ಒಂದು ಪಾಲು ತೆಗೆದಿಡುವ ಕ್ರಮ. ಸಾಮಾಜಿಕ ಉದ್ಯಮದಲ್ಲಿ ಲಾಭ ಹುಟ್ಟುವ ಜಾಗದಲ್ಲಿಯೇ, ಅಂದರೆ ಕೊಳ್ಳುವ, ತಯಾರಿಸುವ, ಮಾರುವ ಹಂತದಲ್ಲಿಯೇ, ಬಡವರಿಗೆ ನ್ಯಾಯ ಸಿಗುವಂತೆ ವ್ಯವಹಾರವನ್ನು ಕಟ್ಟಿರುತ್ತಾರೆ.

ಸಹಕಾರ ಸಂಘದ ವಿಷಯ ಬೇರೆ. ಸರಿಯಾಗಿ ನಡೆಯುವ ಸಹಕಾರ ಸಂಘ ಸಾಮಾಜಿಕ ಉದ್ಯಮದ ಅತ್ಯಂತ ಹಳೆಯ ಮತ್ತು ನನ್ನ ಅಭಿಪ್ರಾಯದಲ್ಲಿ ಅತ್ಯಂತ ಗಟ್ಟಿಯಾದ ರೂಪ. ಅಲ್ಲಿ ದುಡಿಯುವವರೇ ಒಡೆಯರು.

ಇದು ಹೊರಗಿನಿಂದ ಬಂದ ವಿಚಾರವೇ?

ಹೆಸರು ಹೊಸದು, ವಿಚಾರ ಹಳೆಯದು. ಈ ಹೆಸರು ಜಗತ್ತಿನಲ್ಲಿ ಹರಡಲು ಅಮೆರಿಕದ ಬಿಲ್ ಡ್ರೇಟನ್ 1980ರಲ್ಲಿ ಕಟ್ಟಿದ ಅಶೋಕ ಸಂಸ್ಥೆ ದೊಡ್ಡ ಕಾರಣ; ಆ ಸಂಸ್ಥೆಗೆ ನಮ್ಮ ಸಾಮ್ರಾಟ ಅಶೋಕನ ಹೆಸರಿರುವುದು ಗಮನಿಸಬೇಕಾದ ಸಂಗತಿ. ಅಶೋಕನೆಂದರೆ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನವನ್ನು ಬಿಟ್ಟು ನಮಗೆ ನೆನಪಾಗುವುದಿಲ್ಲ. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಮುಹಮ್ಮದ್ ಯೂನುಸ್ 1976ರಲ್ಲಿ 42 ಜನರಿಗೆ ಒಟ್ಟು 27 ಡಾಲರ್ ಸಾಲ ಕೊಟ್ಟಿದ್ದರಿಂದ ಶುರುವಾದ ಕೆಲಸ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ನಮ್ಮ ದೇಶದಲ್ಲಿ ಇದಕ್ಕಿಂತ ಮೊದಲೇ, 1959ರಲ್ಲಿ, ಮುಂಬೈಯ ಏಳು ಮಹಿಳೆಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸಲು ಕುಳಿತಿದ್ದರು. ಅದೇ ಇಂದಿನ ಲಿಜ್ಜತ್. ಅದಕ್ಕೂ ಅರ್ಧ ಶತಮಾನ ಹಿಂದೆ, 1905ರಲ್ಲಿ, ಕೊಪ್ಪಳದ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತ್ತು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಬೇಕೆಂಬ ಒಂದೇ ಹಂಬಲ ಅದರ ಹಿಂದಿತ್ತು.

ಇನ್ನೂ ಹಿಂದೆ ಹೋದರೆ, ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಮನೆಗೂ ಗೊತ್ತು. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ತಿರುಗಿ ಕಳಿಸಿದಳು. ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಬಲ್ಲ ನಾಡಿನವರಿಗೆ ಸಾಮಾಜಿಕ ಉದ್ಯಮದ ತಿರುಳನ್ನು ವಿವರಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ ಎಂಬುದು ನನ್ನ ಅನುಭವ. ತರಬೇತಿಯಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿದಾಗ ಸುಮ್ಮನೆ ಕುಳಿತವರು, ಲಕ್ಕಮ್ಮನ ಮಾತು ಬಂದ ಕೂಡಲೇ ತಾವೇ ಮುಂದುವರಿಸಿ ಹೇಳುತ್ತಾರೆ.

ನಮ್ಮ ಮೂರು ಜಿಲ್ಲೆಗಳಿಗೆ ಇದರ ಅಗತ್ಯ ಏಕೆ ಹೆಚ್ಚು?

ಇಲ್ಲಿ ಸಂಪತ್ತು ಇಲ್ಲವೆಂದು ಯಾರೂ ಹೇಳಲಾರರು. ಬಳ್ಳಾರಿ, ಸಂಡೂರಿನ ಕಬ್ಬಿಣದ ಅದಿರು, ಹಟ್ಟಿಯ ಚಿನ್ನ, ಶಕ್ತಿನಗರದ ವಿದ್ಯುತ್ತು, ಗಂಗಾವತಿ, ಸಿಂಧನೂರುಗಳ ಭತ್ತ, ರಾಯಚೂರಿನ ಹತ್ತಿ, ಬಳ್ಳಾರಿಯ ಜೀನ್ಸ್, ಎಲ್ಲವೂ ಇವೆ. ಹೀಗಿದ್ದೂ ಈ ಭಾಗ ಹಿಂದುಳಿದಿದೆ ಎಂಬುದನ್ನು ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕುವಾರು ಎತ್ತಿ ತೋರಿಸಿತು. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಬಂತು. 2018ರಲ್ಲಿ ನೀತಿ ಆಯೋಗ ಗುರುತಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳಲ್ಲಿ ರಾಜ್ಯದಿಂದ ರಾಯಚೂರು ಮತ್ತು ಯಾದಗಿರಿ ಸೇರಿದವು.

ಕಾಲುವೆ ನೀರು ಮುಟ್ಟಿದ ಊರಿಗೂ ಮುಟ್ಟದ ಊರಿಗೂ ಇರುವ ಅಂತರವನ್ನು ನೋಡಬೇಕಾದರೆ ಬೇಸಿಗೆಯಲ್ಲಿ ಗಂಗಾವತಿಯಿಂದ ಕುಷ್ಟಗಿಯ ಕಡೆಗೆ ಬಸ್ಸಿನಲ್ಲಿ ಕುಳಿತು ಹೋದರೆ ಸಾಕು. ಒಂದು ತಾಸಿನೊಳಗೆ ಹಸಿರು ಮುಗಿದು ಬಯಲು ಶುರುವಾಗುತ್ತದೆ. ಮಳೆಯಾಶ್ರಿತ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಬೀಗ ಬಿದ್ದ ಮನೆಗಳು ಎದ್ದು ಕಾಣುತ್ತವೆ. ಮನೆಯವರು ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿರುತ್ತಾರೆ; ಮುದುಕರೂ ಶಾಲೆ ಬಿಟ್ಟ ಮಕ್ಕಳೂ ಊರಲ್ಲಿ ಉಳಿದಿರುತ್ತಾರೆ. ಇಲ್ಲಿಂದ ಹೊರಗೆ ಹೋಗುವುದರಲ್ಲಿ ಹೆಚ್ಚಿನದು ಕಚ್ಚಾ ವಸ್ತು ಮತ್ತು ಕೂಲಿ ಆಳು. ಅವುಗಳಿಗೆ ಮೌಲ್ಯ ಸೇರುವುದು ಬೇರೆಡೆ. ಆ ಮೌಲ್ಯದ ಒಂದು ಭಾಗವನ್ನಾದರೂ ಊರಿನಲ್ಲಿಯೇ ಉಳಿಸಿಕೊಳ್ಳುವ ಕೆಲಸವನ್ನು ಸಾಮಾಜಿಕ ಉದ್ಯಮ ಮಾಡಬಲ್ಲದು.

ನಮ್ಮ ಸುತ್ತಮುತ್ತ ಇಂಥ ಉದಾಹರಣೆಗಳು ಇವೆಯೇ?

ದಿನವೂ ಕಾಣುವ ಉದಾಹರಣೆ ಹಾಲಿನ ಡೇರಿ. ರಾಬಕೊವಿ ಎಂದು ಎಲ್ಲರ ಬಾಯಲ್ಲಿರುವ ಹಾಲು ಒಕ್ಕೂಟದ ಹೆಸರಿನಲ್ಲಿಯೇ ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಸೇರಿವೆ. ಒಂದು ಎಮ್ಮೆ ಇಟ್ಟುಕೊಂಡ ಹೆಣ್ಣುಮಗಳು ಬೆಳಿಗ್ಗೆ ಎರಡು ಲೀಟರ್ ತಂದರೂ ಅದನ್ನು ಅಳೆದು, ಫ್ಯಾಟ್ ನೋಡಿ, ಲೆಕ್ಕ ಬರೆದುಕೊಳ್ಳುತ್ತಾರೆ. ಹತ್ತು ಲೀಟರ್ ತಂದವನಿಗೂ ಅದೇ ಅಳತೆ, ಅದೇ ದರದ ಪಟ್ಟಿ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಬಾಳೆ ನಾರಿನ ಕರಕುಶಲ ಕೆಲಸವನ್ನು ಮಹಿಳೆಯರಿಗೆ ಜೀವನೋಪಾಯವಾಗಿ ಬೆಳೆಸಿದೆ. ತುಂಗಭದ್ರೆಯ ದಂಡೆಯಲ್ಲಿ ಬಾಳೆ ತೋಟಗಳಿಗೆ ಕೊರತೆಯಿಲ್ಲ. ಗೊನೆ ಕಡಿದ ಮೇಲೆ ಆ ಗಿಡ ಮತ್ತೆ ಫಲ ಕೊಡುವುದಿಲ್ಲ. ದಿಂಡು ಬದುವಿನ ಮೇಲೆ ಕೊಳೆಯುತ್ತದೆ. ಅದೇ ದಿಂಡಿನ ಪದರುಗಳನ್ನು ಸುಲಿದು, ಒಣಗಿಸಿ, ಹುರಿ ಹೊಸೆದರೆ ಚೀಲ, ಚಾಪೆ, ಬುಟ್ಟಿಯಾಗುತ್ತದೆ. ಹಂಪಿಗೆ ಬರುವ ಪ್ರವಾಸಿಗರು ಹೊಳೆಯಾಚೆಯೇ ಇರುವುದರಿಂದ ಕೊಳ್ಳುವವರೂ ಹತ್ತಿರದಲ್ಲಿದ್ದಾರೆ. ಕಸವೆಂದು ಬಿಟ್ಟಿದ್ದ ವಸ್ತು, ಕೈಯಲ್ಲಿ ಕಲಿಯಬಹುದಾದ ಕೆಲಸ, ಸಮೀಪದ ಮಾರುಕಟ್ಟೆ ಕೂಡಿಬಂದಿರುವ ಈ ಜಾಗ ಅಧ್ಯಯನಕ್ಕೆ ಯೋಗ್ಯವಾದದ್ದು.

ಸಂಡೂರಿನಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯನ್ನು ಕುಶಲ ಕಲಾ ಕೇಂದ್ರ ಉಳಿಸಿ ಬೆಳೆಸಿದೆ. ಸಂಡೂರು ಲಂಬಾಣಿ ಕಸೂತಿಗೆ ಇದು ಈ ಊರಿನದೇ ವಸ್ತು ಎಂದು ಕಾನೂನು ಒಪ್ಪುವ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಕೊಪ್ಪಳ ಹತ್ತಿರದ ಕಿನ್ನಾಳದ ಆಟಿಕೆಗಳಿಗೂ ಜಿಐ ಇದೆ. ಆದರೆ ಟ್ಯಾಗ್ ಬಂದ ಮಾತ್ರಕ್ಕೆ ಅವನ್ನು ಮಾಡುವ ಚಿತ್ರಗಾರರ ಮನೆಯ ಒಲೆ ಉರಿಯುವುದಿಲ್ಲ. ಹಗುರ ಮರವನ್ನು ಕೆತ್ತಿ, ಜೋಡಿಸಿ, ಬಣ್ಣ ಬಳಿದು ಒಂದು ಗೊಂಬೆ ಮುಗಿಸುವಷ್ಟರಲ್ಲಿ ಮನೆಮಂದಿಯೆಲ್ಲ ಕೈ ಹಾಕಿರುತ್ತಾರೆ. ಆ ಎಲ್ಲರ ಕೂಲಿಯನ್ನು ಕೊಡುವ ಗಿರಾಕಿಯನ್ನು ಹುಡುಕಿ ತರುವವರು ಬೇಕು. ಅಂಥವರನ್ನೇ ಸಾಮಾಜಿಕ ಉದ್ಯಮಿ ಎನ್ನಬೇಕು.

ಸ್ವಲ್ಪ ದೂರದ ಎರಡು ಹೆಸರುಗಳನ್ನೂ ಹೇಳಬೇಕು. ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಶುರು ಮಾಡಿದರು. ಹಣ ಕೊಡಬಲ್ಲವರಿಂದ ಬಂದ ಆದಾಯದಲ್ಲಿ ಕೊಡಲಾಗದವರಿಗೂ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಕೂರಿಸುವ ಹೊರದೇಶದ ಲೆನ್ಸ್ ದುಬಾರಿಯಾದಾಗ 1992ರಲ್ಲಿ ಅರೋಲ್ಯಾಬ್ ಎಂಬ ತಮ್ಮದೇ ತಯಾರಿಕಾ ಘಟಕ ಕಟ್ಟಿ ಕಡಿಮೆ ಬೆಲೆಗೆ ಲೆನ್ಸ್ ಮಾಡತೊಡಗಿದರು. ಬೆಂಗಳೂರಿನಲ್ಲಿ 1995ರಲ್ಲಿ ಶುರುವಾದ ಸೆಲ್ಕೋ, ಬಡವರಿಗೆ ಸೋಲಾರ್ ದೀಪ ಮಾರಬಹುದೆಂದು ತೋರಿಸಿತು. ಬ್ಯಾಂಕ್ ಸಾಲದ ಕಂತನ್ನು ಗಿರಾಕಿಯ ದುಡಿಮೆಗೆ ತಕ್ಕಂತೆ ಹೊಂದಿಸಿದ್ದರಲ್ಲಿ ಅದರ ಜಾಣ್ಮೆಯಿದೆ. ಅದರ ಸಹಸಂಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸಮಾಜಸೇವೆ ಎಂದ ಮೇಲೆ ಲಾಭ ಮಾಡುವುದು ತಪ್ಪಲ್ಲವೇ?

ತಪ್ಪಲ್ಲ. ನಷ್ಟದಲ್ಲಿರುವ ಉದ್ಯಮ ಯಾರಿಗೂ ಸೇವೆ ಮಾಡಲಾರದು. ಮುಂದಿನ ಹಂಗಾಮಿಗೆ ಶೇಂಗಾ ಕೊಳ್ಳಲು ಹಣವಿಲ್ಲದ ಸಂಘ ರೈತನಿಗೆ ಯಾವ ನ್ಯಾಯ ಕೊಟ್ಟೀತು? ಲಾಭವನ್ನು ಯಾರು ಹಂಚಿಕೊಳ್ಳುತ್ತಾರೆ, ಅದನ್ನು ಯಾರು ತೀರ್ಮಾನಿಸುತ್ತಾರೆ ಎಂಬಲ್ಲಿ ಸರಿ ತಪ್ಪಿನ ಪ್ರಶ್ನೆ ಇದೆ.

ನಮ್ಮ ಸಂಘ ರೊಟ್ಟಿ, ಚಟ್ನಿಪುಡಿ ಮಾಡುತ್ತದೆ. ಬೆಲೆಯನ್ನು ಹೇಗೆ ನಿರ್ಧರಿಸಬೇಕು?

ಎಲ್ಲ ಪ್ರಶ್ನೆಗಳಿಗಿಂತ ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ಭಾಗದ ಬಹುಪಾಲು ಸಂಘಗಳು ಎಡವುವುದು ಇಲ್ಲಿಯೇ.

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಂಘದ ಸದಸ್ಯರ ಜೊತೆ ಕುಳಿತು ಖಡಕ್ ರೊಟ್ಟಿಯ ಲೆಕ್ಕ ಬರೆಯುತ್ತಿದ್ದೆ. ಹಿಟ್ಟು, ಉರುವಲು, ಪ್ಯಾಕಿಂಗ್ ಎಲ್ಲ ಬರೆದಾದ ಮೇಲೆ ನಿಮ್ಮ ಕೂಲಿ ಎಷ್ಟು ಬರೆಯಲಿ ಎಂದು ಕೇಳಿದೆ. ಹಿರಿಯರೊಬ್ಬರು ನಕ್ಕು, “ನಮ್ಮ ಕೂಲಿ ಯಾಕ ಬರಿತೀರಿ ಅಕ್ಕಾರ, ರೊಟ್ಟಿ ಬಡಿಯೂದು ಮನ್ಯಾಗ ದಿನಾ ಮಾಡೂದ ಐತಲ್ರೀ,” ಎಂದರು. ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹಂಚಿನ ಬಿಸಿ ತಾಗಿ ಕಪ್ಪಾದ ಗೆರೆ ಇತ್ತು. ಆ ಗೆರೆಗೆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ವಿವರಿಸಲು ಅಂದಾಜು ಅಂಕಿಗಳನ್ನು ಇಟ್ಟುಕೊಳ್ಳೋಣ. ನೂರು ರೊಟ್ಟಿಗೆ ಆರು ಕಿಲೋ ಜೋಳದ ಹಿಟ್ಟು, ಬೀಸುವ ಖರ್ಚೂ ಸೇರಿ ಕಿಲೋಗೆ 50ರಂತೆ 300 ರೂಪಾಯಿ, ಉರುವಲು 60, ಪ್ಯಾಕಿಂಗ್ 40, ಒಟ್ಟು 400. ನೂರರಲ್ಲಿ ಎಂಟು ಒಡೆದವು ಎಂದುಕೊಂಡರೆ ಮಾರಲು ಸಿಗುವುದು 92. ಒಂದಕ್ಕೆ 6 ರೂಪಾಯಿಯಂತೆ ಮಾರಿದರೆ 552 ಬರುತ್ತದೆ, ಉಳಿಯುವುದು 152. ಹಿಟ್ಟು ನಾದಿ, ಬಡಿದು, ಬೇಯಿಸಿ, ಖಡಕ್ಕಾಗುವವರೆಗೆ ಕಾಯಲು ಒಬ್ಬರಿಗೆ ಐದು ತಾಸು ಹಿಡಿದರೆ, ತಾಸಿಗೆ ಸಿಕ್ಕಿದ್ದು ಸುಮಾರು 30 ರೂಪಾಯಿ. ಎಂಟು ತಾಸು ಒಲೆಯ ಮುಂದೆ ಕುಳಿತರೂ ಸಿಗುವುದು ಸುಮಾರು 243 ಮಾತ್ರ. 2024–25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿಯೇ 349 ರೂಪಾಯಿ ಇತ್ತು. ಸಂಘ ಲಾಭದಲ್ಲಿದೆ ಎಂದು ವರದಿಯಲ್ಲಿ ಬರೆದಿರುತ್ತದೆ. ನಿಜವಾಗಿ ಆ ಹೆಣ್ಣುಮಗಳು ತನ್ನ ಕೂಲಿಯಲ್ಲಿ ಪೇಟೆಯವರ ಊಟಕ್ಕೆ ಸಬ್ಸಿಡಿ ಕೊಡುತ್ತಿದ್ದಾಳೆ.

ಬೆಲೆಯನ್ನು 8 ರೂಪಾಯಿಗೆ ಏರಿಸಿದರೆ 736 ಬರುತ್ತದೆ, ಖರ್ಚು ಕಳೆದು 336 ಉಳಿಯುತ್ತದೆ. ಇದು ಒಪ್ಪುವ ಲೆಕ್ಕ. ಆದರೆ ಅಂಗಡಿಯವರು ಶೇ. 20 ಕಮಿಷನ್ ಹಿಡಿದರೆ ಸಂಘದ ಕೈಗೆ ಬರುವುದು ರೊಟ್ಟಿಗೆ 6 ರೂಪಾಯಿ 40 ಪೈಸೆ, ಉಳಿಯುವುದು ಮತ್ತೆ ಸುಮಾರು 189 ಮಾತ್ರ. ಹೀಗಾಗಿ ಎಷ್ಟಕ್ಕೆ ಮಾರುತ್ತೇವೆ ಎನ್ನುವಷ್ಟೇ ಯಾರ ಮೂಲಕ ಮಾರುತ್ತೇವೆ ಎಂಬುದೂ ಮುಖ್ಯ. ನೇರವಾಗಿ ಖಾನಾವಳಿಗಳಿಗೆ, ಹಾಸ್ಟೆಲ್‌ಗಳಿಗೆ, ಮದುವೆ ಮನೆಗಳಿಗೆ ಕೊಡುವ ದಾರಿಯನ್ನು ಮೊದಲು ಗಟ್ಟಿ ಮಾಡಿಕೊಂಡು, ದೂರದ ಅಂಗಡಿಯ ಕಪಾಟಿನ ಆಸೆಯನ್ನು ಆಮೇಲೆ ಇಟ್ಟುಕೊಳ್ಳಿ. ಒಮ್ಮೆ ದೊಡ್ಡ ಪೇಟೆಯ ಖರೀದಿದಾರರೊಬ್ಬರು ತೇವಾಂಶದ ಕಾರಣ ಹೇಳಿ ನಮ್ಮ ಗುರೆಳ್ಳು ಚಟ್ನಿಪುಡಿಯ ಡಬ್ಬಿಗಳನ್ನು ಎರಡು ತಿಂಗಳಾದ ಮೇಲೆ ಹಿಂದಿರುಗಿಸಿದರು. ಅಷ್ಟರಲ್ಲಿ ಗುರೆಳ್ಳಿಗೆ ಕಮಟು ವಾಸನೆ ಬಂದಿತ್ತು, ಸಾಗಾಟದ ಖರ್ಚೂ ನಮ್ಮದೇ ಆಯಿತು. ಅಂದಿನಿಂದ ಮಾಲು ಹೋಗುವ ಮುನ್ನ ಅರ್ಧ ಹಣ ಎಂಬ ಕರಾರಿಗೆ ಒಪ್ಪದವರಿಗೆ ನಾವು ಕೊಡುವುದಿಲ್ಲ.

ಸಾಮಾಜಿಕ ಉದ್ಯಮವನ್ನು ಯಾವ ಕಾಯ್ದೆಯಡಿ ನೋಂದಾಯಿಸಬೇಕು?

ಸಾಮಾಜಿಕ ಉದ್ಯಮ ಎಂಬ ಹೆಸರಿನ ಪ್ರತ್ಯೇಕ ನೋಂದಣಿ ನಮ್ಮ ದೇಶದಲ್ಲಿಲ್ಲ. ಇರುವ ರೂಪಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಉತ್ಪಾದಕರಿದ್ದರೆ ಕಂಪನಿ ಕಾಯ್ದೆಯಡಿ ಉತ್ಪಾದಕರ ಕಂಪನಿ ಕಟ್ಟಬಹುದು. ರೈತ ಉತ್ಪಾದಕ ಕಂಪನಿಗಳು ಈ ರೂಪದವೇ, ಐವರು ನಿರ್ದೇಶಕರಾದರೂ ಬೇಕು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಮತ್ತು ಸರ್ಕಾರದ ಹಿಡಿತ ಕಡಿಮೆ ಇರುವ 1997ರ ಸೌಹಾರ್ದ ಸಹಕಾರಿ ಕಾಯ್ದೆ ಸಹಕಾರದ ಎರಡು ದಾರಿಗಳು. ದೇಣಿಗೆ, ಸಿಎಸ್‌ಆರ್ ಹಣ ಪಡೆದು ಕೆಲಸ ಮಾಡುವವರು ಕಂಪನಿ ಕಾಯ್ದೆಯ ಸೆಕ್ಷನ್ 8ರಡಿಯ ಲಾಭರಹಿತ ಕಂಪನಿಯನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಸದಸ್ಯರಿಗೆ ಲಾಭಾಂಶ ಹಂಚುವಂತಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಮಾಡಬಹುದು, ಆದರೆ ವ್ಯಾಪಾರ ಬೆಳೆದಂತೆ ಆ ಅಂಗಿ ಬಿಗಿಯಾಗುತ್ತದೆ.

ಸದಸ್ಯರಿಗೆ ಲಾಭದ ಪಾಲು ಸಿಗಬೇಕೆಂದಿದ್ದರೆ ಉತ್ಪಾದಕರ ಕಂಪನಿ ಅಥವಾ ಸಹಕಾರ ಸಂಘ ಎಂಬುದು ನನ್ನ ಸಲಹೆ. ನೋಂದಣಿಗೆ ಆತುರ ಬೇಡ. ಆರು ತಿಂಗಳು ಸ್ವಸಹಾಯ ಸಂಘವಾಗಿಯೇ ಮಾರಾಟ ಮಾಡಿ ನೋಡಿ. ಲೆಕ್ಕ ಕೂಡಿಬರದ ವ್ಯಾಪಾರಕ್ಕೆ ಪ್ರತಿವರ್ಷ ಲೆಕ್ಕಪರಿಶೋಧಕರ ಶುಲ್ಕ ಕಟ್ಟುವ ಪ್ರಸಂಗ ತಪ್ಪುತ್ತದೆ.

ಬಂಡವಾಳ ಎಲ್ಲಿಂದ ತರುವುದು?

ಮೊದಲ ಮೂಲ ಸದಸ್ಯರ ಉಳಿತಾಯ. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಶುರು ಮಾಡಿದ ಸ್ವಸಹಾಯ ಸಂಘ ಮತ್ತು ಬ್ಯಾಂಕ್ ಜೋಡಣೆಯಿಂದ ಅಡಮಾನವಿಲ್ಲದೆ ಸಂಘಕ್ಕೆ ಸಾಲ ಸಿಗುವುದು ಸಾಧ್ಯವಾಯಿತು. ಇಂದು ಗ್ರಾಮೀಣ ಜೀವನೋಪಾಯಕ್ಕಾಗಿ ಇರುವ ಸಂಜೀವಿನಿ ಯೋಜನೆಯಡಿ ಸ್ವಸಹಾಯ ಸಂಘಗಳ ಒಕ್ಕೂಟಗಳೂ ಇವೆ. ಆಹಾರ ತಯಾರಿಕೆಗೆ 2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಯಂತ್ರದ ವೆಚ್ಚಕ್ಕೆ ಶೇ. 35 ಸಹಾಯಧನವಿದೆ, ನಮ್ಮ ರಾಜ್ಯ ಅದಕ್ಕೆ ಶೇ. 15 ಸೇರಿಸುತ್ತದೆ. ಗಣಿಬಾಧಿತ ಪ್ರದೇಶಗಳಿಗಾಗಿ ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬಳ್ಳಾರಿಯಂಥ ಜಿಲ್ಲೆಗೆ ದೊಡ್ಡದು. ಅದರಲ್ಲಿ ಕಟ್ಟಡಗಳಷ್ಟೇ ಅಲ್ಲದೆ ಜೀವನೋಪಾಯಕ್ಕೂ ಪಾಲು ಇರಲಿ ಎಂದು ಗ್ರಾಮಸಭೆಗಳಲ್ಲಿ ಕೇಳಬೇಕು.

ಯಂತ್ರಕ್ಕೆ ಸಹಾಯಧನ ಸಿಗುತ್ತದೆ, ಕಚ್ಚಾ ಮಾಲು ಕೊಳ್ಳುವ ದುಡಿಯುವ ಬಂಡವಾಳಕ್ಕೆ ಸುಲಭವಾಗಿ ಸಿಗುವುದಿಲ್ಲ. ಸುಗ್ಗಿಯಲ್ಲಿ ಅಗ್ಗವಿರುವಾಗ ನವಣೆ ಕೊಂಡಿಡಲು ಹಣವಿಲ್ಲದ್ದರಿಂದ, ಹೊಸ ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇರುವ ಘಟಕಗಳನ್ನು ನೋಡಿದ್ದೇನೆ. ಆದ್ದರಿಂದ ಯಂತ್ರದ ಅರ್ಜಿಯ ಜೊತೆಗೇ ಮೊದಲ ಹಂಗಾಮಿನ ಖರೀದಿ ಹಣಕ್ಕೂ ಏರ್ಪಾಡು ಮಾಡಿಕೊಳ್ಳಿ.

ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2022ರಲ್ಲಿ ನಿಯಮ ರೂಪಿಸಿದ, ಸಾಮಾಜಿಕ ಸಂಸ್ಥೆಗಳು ಹೂಡಿಕೆದಾರರಿಂದ ಹಣ ಎತ್ತುವ ಸಾಮಾಜಿಕ ಷೇರು ವಿನಿಮಯ ಕೇಂದ್ರವೂ ಇದೆ. ಹಳ್ಳಿಯ ಸಣ್ಣ ಉದ್ಯಮಕ್ಕೆ ಅದು ಸದ್ಯಕ್ಕೆ ದೂರದ ದಾರಿ.

ಕಿರುಸಾಲದ ಕಂಪನಿಗಳೂ ತಾವು ಬಡವರ ಸೇವೆಗಾಗಿಯೇ ಇದ್ದೇವೆ ಎನ್ನುತ್ತವೆ. ಅವು ಸಾಮಾಜಿಕ ಉದ್ಯಮಗಳೇ?

ಈ ಪ್ರಶ್ನೆಯನ್ನು ಕೇಳುವವರು ಹೆಚ್ಚಾಗಿ ಕಂತು ಕಟ್ಟಿ ಸಾಕಾದ ಹೆಣ್ಣುಮಕ್ಕಳು, ಆದ್ದರಿಂದ ತೇಲಿಸಿ ಉತ್ತರಿಸುವಂತಿಲ್ಲ. ಕಿರುಸಾಲದ ವಿಚಾರ ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದ. ಊರಿನ ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 36, ಅದರಿಂದ ಬಿಡಿಸುವುದೇ ಗುರಿಯಾಗಿತ್ತು. ಹೂಡಿಕೆದಾರರಿಗೆ ವೇಗವಾಗಿ ಬೆಳೆದು ತೋರಿಸಬೇಕೆಂಬ ಒತ್ತಡ ಬಂದಾಗ, ಸಾಲ ಕೊಡುವುದೇ ಗುರಿಯಾಗಿ, ಸಾಲಗಾರಳ ಬದುಕು ಹಿಂದೆ ಸರಿಯಿತು. ಒಂದೇ ಮನೆಗೆ ನಾಲ್ಕು ಕಂಪನಿಗಳು ಸಾಲ ಕೊಟ್ಟವು. ಒಂದರ ಕಂತಿಗೆ ಇನ್ನೊಂದರ ಸಾಲ. ಆಂಧ್ರಪ್ರದೇಶದಲ್ಲಿ 2010ರಲ್ಲಿ ಇದೇ ಬಿಕ್ಕಟ್ಟು ಸುಗ್ರೀವಾಜ್ಞೆಯವರೆಗೆ ಹೋಯಿತು. ಕರ್ನಾಟಕದಲ್ಲಿ ಬಲವಂತದ ವಸೂಲಿಯ ದೂರುಗಳು ಹೆಚ್ಚಿದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು.

ರಿಸರ್ವ್ ಬ್ಯಾಂಕಿನ 2022ರ ನಿಯಮಗಳನ್ನು ಪ್ರತಿ ಸಂಘವೂ ತಿಳಿದಿರಬೇಕು: ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ, ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಈ ಮಿತಿಯನ್ನು ಗೌರವಿಸಿ, ಸಾಲ ತೆಗೆದುಕೊಂಡವಳ ಆದಾಯ ಏರುವಂತೆ ನೋಡಿಕೊಳ್ಳುವ ಸಂಸ್ಥೆಯನ್ನು ನಾನು ಸಾಮಾಜಿಕ ಉದ್ಯಮ ಎನ್ನುತ್ತೇನೆ. ರಾತ್ರಿ ಮನೆಯ ಮುಂದೆ ಕುಳಿತು ನಾಲ್ಕು ಜನರೆದುರು ಮಾನ ಕಳೆದು ಕಂತು ವಸೂಲಿ ಮಾಡುವವರಿಗೆ ಆ ಹೆಸರು ಸಲ್ಲದು.

ಇದರಿಂದ ಗುಳೆ ನಿಲ್ಲುತ್ತದೆಯೇ?

ಪೂರ್ತಿ ನಿಲ್ಲುತ್ತದೆ ಎಂದು ಭರವಸೆ ಕೊಡುವುದು ಮೋಸವಾಗುತ್ತದೆ. ಗುಳೆಗೆ ನೀರು, ಭೂಮಿ, ಸಾಲ, ಜಾತಿ ಎಲ್ಲವೂ ಕಾರಣ. ರೊಟ್ಟಿಯ ಘಟಕವೊಂದರಿಂದ ಅವು ಬದಲಾಗವು. ಆದರೆ ಮನೆಯ ಒಬ್ಬಳಿಗೆ ವರ್ಷವಿಡೀ ಊರಲ್ಲಿಯೇ ದುಡಿಮೆ ಸಿಕ್ಕಿದರೆ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ, ಗಂಡನೊಬ್ಬನೇ ಹೋಗಿಬರುತ್ತಾನೆ. ಈ ಬದಲಾವಣೆ ಕಣ್ಣಾರೆ ಕಂಡದ್ದು, ಅದರ ಬೆಲೆ ದೊಡ್ಡದು.

ಇನ್ನೊಂದು ದಾರಿಯ ಬಗ್ಗೆ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಕೇರಳದ ವಡಕರದ ಹತ್ತಿರ 1925ರಲ್ಲಿ ಕಟ್ಟಡ ಕೂಲಿಕಾರರು ಊರಾಳುಂಗಲ್ ಕಾರ್ಮಿಕ ಗುತ್ತಿಗೆ ಸಹಕಾರ ಸಂಘ ಕಟ್ಟಿಕೊಂಡರು. ಮೇಸ್ತ್ರಿಯ ಕೈಕೆಳಗೆ ದುಡಿಯುವ ಬದಲು ತಾವೇ ಗುತ್ತಿಗೆ ಹಿಡಿದರು. ಇಂದು ಅದು ರಸ್ತೆ, ಸೇತುವೆ ಕಟ್ಟುವ ದೊಡ್ಡ ಸಂಸ್ಥೆ. ದೇವದುರ್ಗದಿಂದ, ಮಾನ್ವಿಯಿಂದ ಬೆಂಗಳೂರಿಗೆ ಹೋಗಿ ಗಾರೆ ಕೆಲಸದಲ್ಲಿ ಪಳಗಿದ ಸಾವಿರಾರು ಕೈಗಳು ನಮ್ಮಲ್ಲಿವೆ. ಅವರು ಮುಂಗಡ ಪಡೆದು ಮೇಸ್ತ್ರಿಗೆ ಬಂಧಿಗಳಾಗುವ ಬದಲು ಸ್ವಂತ ಸಹಕಾರ ಸಂಘದ ಸದಸ್ಯರಾಗಿ ಗುತ್ತಿಗೆ ಹಿಡಿಯುವ ದಿನ ಬರಬೇಕೆಂಬುದು ನನ್ನ ದೊಡ್ಡ ಆಸೆ.

ಸರ್ಕಾರ ಮಾಡಬೇಕಾದ ಕೆಲಸವನ್ನು ಉದ್ಯಮಗಳಿಗೆ ವಹಿಸಿದಂತೆ ಆಗುವುದಿಲ್ಲವೇ?

ಆ ಅಪಾಯ ಇದೆ. ಕುಡಿಯುವ ನೀರು, ಶಾಲೆ, ಆರೋಗ್ಯ ಕೇಂದ್ರ ಇವು ಹಕ್ಕಿನ ಪ್ರಶ್ನೆಗಳು. ಹಣ ಕೊಡಬಲ್ಲವರಿಗೆ ಮಾತ್ರ ಸಿಗುವಂತಾಗಬಾರದು. ಸಾಮಾಜಿಕ ಉದ್ಯಮ ಸರ್ಕಾರದ ಹೊಣೆಯನ್ನು ಹೊತ್ತುಕೊಳ್ಳಲು ಹೊರಟರೆ ತಾನೂ ಕುಸಿಯುತ್ತದೆ, ಜನರ ಕೇಳುವ ದನಿಯನ್ನೂ ತಗ್ಗಿಸುತ್ತದೆ.

ಪರಿಣಾಮವನ್ನು ಅಳೆಯುವುದು ಹೇಗೆ?

ಎಷ್ಟು ಜನರಿಗೆ ತರಬೇತಿ ಕೊಟ್ಟೆವು ಎಂಬ ಅಂಕಿಯನ್ನು ನಾನು ನಂಬುವುದನ್ನು ಬಿಟ್ಟು ಬಹಳ ಕಾಲವಾಯಿತು. ಹೊಲಿಗೆ ತರಬೇತಿಯ ಪ್ರಮಾಣಪತ್ರ ಗೋಡೆಯ ಮೇಲಿದ್ದು, ಪೀಸ್ ಲೆಕ್ಕದ ಜೀನ್ಸ್ ಹೊಲಿಗೆಯ ದರ ಹಿಂದಿನಷ್ಟೇ ಇದ್ದರೆ ಬಳ್ಳಾರಿಯ ಆ ಹೆಣ್ಣುಮಗಳಿಗೆ ಏನು ಸಿಕ್ಕಿತು? ನಾವು ವರ್ಷಕ್ಕೊಮ್ಮೆ ಪ್ರತಿ ಸದಸ್ಯೆಯ ಮನೆಯಲ್ಲಿ ಕುಳಿತು, ಖರ್ಚು ಕಳೆದು ಕೈಗೆ ಎಷ್ಟು ಬಂತು, ಬಡ್ಡಿಯ ಕೈಸಾಲ ಇಳಿಯಿತೇ ಏರಿತೇ, ಮನೆಮಂದಿ ಎಷ್ಟು ತಿಂಗಳು ಊರು ಬಿಟ್ಟಿದ್ದರು ಎಂದು ಕೇಳಿ ಬರೆದುಕೊಳ್ಳುತ್ತೇವೆ. ಆ ಹಣ ಯಾರ ಕೈಯಲ್ಲಿ ಉಳಿಯಿತು, ಅವಳ ಕೈಯಲ್ಲೋ ಗಂಡನ ಕೈಯಲ್ಲೋ ಎಂಬುದನ್ನು ಅಡುಗೆಮನೆಯಲ್ಲಿ ಕುಳಿತು ಕೇಳಿದರೆ ಮಾತ್ರ ನಿಜವಾದ ಉತ್ತರ ಬರುತ್ತದೆ.

ಓದು ಮುಗಿಸಿ ಊರಿಗೆ ಬಂದಿದ್ದೇನೆ, ಇಂಥ ಉದ್ಯಮ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಮೊದಲ ಎರಡು ತಿಂಗಳು ಏನನ್ನೂ ಶುರು ಮಾಡಬೇಡಿ. ಊರಿನಿಂದ ಏನೇನು ಚೀಲದಲ್ಲಿ ಹೊರಗೆ ಹೋಗುತ್ತದೆ, ಅದರಲ್ಲಿ ಯಾವುದು ಪೊಟ್ಟಣವಾಗಿ ಊರಿನ ಅಂಗಡಿಗೇ ಮರಳಿ ಬರುತ್ತದೆ ಎಂದು ಬರೆದುಕೊಳ್ಳಿ. ನವಣೆ ಕಚ್ಚಾ ರೂಪದಲ್ಲಿ ಹೋಗಿ ನವಣಕ್ಕಿಯಾಗಿ ಹಲವು ಪಟ್ಟು ಬೆಲೆಗೆ ಬರುತ್ತಿದ್ದರೆ, ಹೊಟ್ಟು ಬಿಡಿಸುವ ಯಂತ್ರದ ಬಗ್ಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರನ್ನು ಹೋಗಿ ಕೇಳಿ. ಹೊಟ್ಟು ಬಿಡಿಸಿದ ನವಣೆ ಬಹಳ ದಿನ ಇಟ್ಟರೆ ತವುಡಿನ ಎಣ್ಣೆಯಂಶದಿಂದ ಕಮಟು ಹಿಡಿಯುತ್ತದೆ. ಆರ್ಡರ್ ಬಂದಷ್ಟೇ ಬಿಡಿಸುವ ಪದ್ಧತಿ ಒಳ್ಳೆಯದು. ಇಂಥ ಸಣ್ಣ ಸಂಗತಿಗಳನ್ನು ಮೊದಲೇ ತಿಳಿದುಕೊಂಡವರ ಉದ್ಯಮ ಉಳಿಯುತ್ತದೆ.

ಜೊತೆಗೆ ದುಡಿಯುವವರನ್ನು ಫಲಾನುಭವಿಗಳು ಎಂದು ಕರೆಯಬೇಡಿ. ಆಡಳಿತ ಮಂಡಳಿಯಲ್ಲಿ ಅವರು ಅರ್ಧಕ್ಕಿಂತ ಹೆಚ್ಚಿರಲಿ, ಚೆಕ್ಕಿಗೆ ಅವರ ಸಹಿಯೂ ಬೇಕೆಂದಿರಲಿ. ತಿಂಗಳಿಗೊಮ್ಮೆ ಎಲ್ಲರನ್ನೂ ಕೂರಿಸಿ ಲೆಕ್ಕದ ಪುಸ್ತಕವನ್ನು ಗಟ್ಟಿಯಾಗಿ ಓದಿ. ಓದಲು ಬಾರದ ಮುದುಕಿಯೂ ತನ್ನ ಹೆಸರಿನ ಮುಂದೆ ಎಷ್ಟು ಬರೆದಿದೆ ಎಂದು ಕಿವಿಯಾರೆ ಕೇಳಬೇಕು, ತಪ್ಪಿದ್ದರೆ ಅಲ್ಲಿಯೇ ಹೇಳಬೇಕು. ಓದಿ ಮುಗಿದ ಮೇಲೆ ತಾರೀಖು ಹಾಕಿ, ಅದರ ಕೆಳಗೆ ಬಂದವರೆಲ್ಲರ ಸಹಿ ಅಥವಾ ಹೆಬ್ಬೆಟ್ಟು ಪಡೆದುಕೊಳ್ಳಿ.